ಅದೇ ನಾಲ್ಕು ಕಾರ್ಡು, 19ನೇ ಶತಮಾನದ ಪಿಯಾನೊ ಥರ

ಸಿ ಮೇಜರ್, ಎ ಮೈನರ್, ಎಫ್ ಮೇಜರ್, ಜಿ ಮೇಜರ್. ಕೀಬೋರ್ಡ್ ಕಲಿಯೋಕೆ ಕೂತ ಹೆಚ್ಚು ಕಮ್ಮಿ ಎಲ್ರೂ ಶುರುವಿನಲ್ಲೇ ಬಾರಿಸಿರೋ ಪ್ರೋಗ್ರೆಶನ್, ಅಂದ್ರೆ ಕಾರ್ಡುಗಳ (ಒಟ್ಟಿಗೆ ನುಡಿಸೋ ನೋಟ್‌ಗಳ ಗುಂಪುಗಳ) ಸಾಲು ಇದು, ಇದರ ಮೇಲೆ ಕಟ್ಟಿರೋ ಹಾಡುಗಳಿಗಂತೂ ಲೆಕ್ಕ ಇಲ್ಲ. ಎಡಗೈಯಲ್ಲಿ ಒಂದು ಬೇಸ್ ನೋಟ್, ಬಲಗೈಯಲ್ಲಿ ಮೂರು ನೋಟ್ ಒಟ್ಟಿಗೆ, ನಾಲ್ಕು ಎಣಿಸಿ ಮುಂದಿನ ಕಾರ್ಡಿಗೆ ಹೋಗು, ಅಷ್ಟೇ. ತಪ್ಪೇನೂ ಇಲ್ಲ, ಆದ್ರೆ ಕೇಳೋಕೆ ಯಾರೋ ಹಾಜರಿ ಕೂಗ್ತಿರೋ ಹಾಗಿರುತ್ತೆ.

ಇದನ್ನೇ 19ನೇ ಶತಮಾನದ ರೊಮ್ಯಾಂಟಿಕ್ ಕಾಲದ ರಚನಕಾರರಾದ ಶೋಪಾನ್ ಥರ, ಶುಮಾನ್ ಥರ ಕೇಳಿಸ್ಬೇಕು ಅಂತ ಹೊರಟವರು ಸಾಮಾನ್ಯವಾಗಿ ಎರಡು ದಾರಿ ಹಿಡೀತಾರೆ. ಕೆಲವರು ಪ್ರತಿ ಕಾರ್ಡಿಗೂ ಒಂದು ಸೆವೆಂತ್, ಒಂದು ನೈನ್ತ್ (ಬುಡದ ನೋಟಿನಿಂದ ಏಳನೇದು, ಒಂಬತ್ತನೇದು) ಅಂಟಿಸ್ತಾರೆ, ಅದು ಸೀದಾ ಜಾಝ್ ಕಡೆ ಜಾರುತ್ತೆ. ಇನ್ನು ಕೆಲವರು ಕೀಬೋರ್ಡಿನ ಈ ತುದಿಯಿಂದ ಆ ತುದಿವರೆಗೂ ಆರ್ಪೆಜಿಯೊ (ಕಾರ್ಡಿನ ನೋಟ್‌ಗಳನ್ನ ಒಂದಾದ ಮೇಲೊಂದು ನುಡಿಸೋದು) ಓಡಿಸ್ತಾರೆ, ಮೇಲೆ ಹೋಗೋದು ಕೆಳಗೆ ಬರೋದು, ಮತ್ತೆ ಮೇಲೆ ಹೋಗೋದು. ನನಗೆ ಈ ಎರಡನೇದರ ಮೇಲೆ ಸ್ವಲ್ಪ ಜಾಸ್ತಿನೇ ಕೋಪ, ಯಾಕಂದ್ರೆ ಆನ್‌ಲೈನ್ ಟ್ಯುಟೋರಿಯಲ್‌ಗಳಲ್ಲಿ 'ರೊಮ್ಯಾಂಟಿಕ್ ಪಿಯಾನೊ' ಅಂತ ಹಾಕಿ ಕಲಿಸೋದು ಬಹುತೇಕ ಇದನ್ನೇ. ಅಸಲಿಗೆ ಆ ಕಾಲದವರು ಮಾಡಿದ ದೊಡ್ಡ ಕೆಲಸ ನೋಟ್ ಜಾಸ್ತಿ ಮಾಡಿದ್ದಲ್ಲ, ಅದೇ ಮೂರು ನೋಟನ್ನ ಕೀಬೋರ್ಡಿನ ಮೇಲೆ ಎಲ್ಲಿ ಇಡಬೇಕು, ಯಾವುದನ್ನ ಜೋರಾಗಿ ಯಾವುದನ್ನ ಮೆತ್ತಗೆ ಒತ್ತಬೇಕು, ಯಾವುದನ್ನ ಪೆಡಲ್‌ಗೆ (ಕಾಲಲ್ಲಿ ಒತ್ತೋದು, ಕೀ ಬಿಟ್ಟ ಮೇಲೂ ನಾದ ಉಳಿಸುತ್ತೆ) ಬಿಟ್ಟುಬಿಡಬೇಕು ಅನ್ನೋದನ್ನ ಹುಡುಕಿದ್ದು. ಅದಕ್ಕೇ ಇಲ್ಲಿ ಕಾರ್ಡ್ ಹೆಚ್ಚು ಕಮ್ಮಿ ಅವೇ ಇರಲಿ, ಜಾಗ ಮಾತ್ರ ಬದಲಾಯಿಸ್ತಾ ಹೋಗೋಣ.

ಸ್ವಲ್ಪ ಹಿಂದಕ್ಕೆ ಹೋದ್ರೆ, ಮೊಟ್ಸಾರ್ಟ್ ಕಾಲದ ಪಿಯಾನೊದಲ್ಲಿ ಇದ್ದದ್ದು ಸುಮಾರು ಐದು ಆಕ್ಟೇವ್ (ಒಂದು ಸಿಯಿಂದ ಮುಂದಿನ ಸಿವರೆಗಿನ ದೂರ ಒಂದು ಆಕ್ಟೇವ್), ಮರದ ಚೌಕಟ್ಟು, ತೆಳು ತಂತಿ, ನಾದ ಬೇಗ ಆರಿಹೋಗ್ತಿತ್ತು. ಹಾಗಾಗಿ ಎಡಗೈ ಸುಮ್ಮನೆ ಕೂರೋ ಹಾಗಿಲ್ಲ, ಸಿ-ಜಿ-ಇ-ಜಿ, ಸಿ-ಜಿ-ಇ-ಜಿ ಅಂತ ಪುಟ್ಟ ಜಾಗದಲ್ಲೇ ತಿರುಗ್ತಾ ಇರಬೇಕು. ಅವರ ಸಿ ಮೇಜರ್ ಸೊನಾಟಾ ಕೆ. 545 ಶುರುವಾಗೋದೇ ಹೀಗೆ. ಇದಕ್ಕೆ ಆಲ್ಬರ್ಟಿ ಬೇಸ್ ಅಂತಾರೆ. ಆಮೇಲೆ 1821ರಲ್ಲಿ ಎರಾರ್ ಕಂಪನಿ ಡಬಲ್ ಎಸ್ಕೇಪ್‌ಮೆಂಟ್ ಪೇಟೆಂಟ್ ಮಾಡಿಸ್ತು, ಅದರಿಂದ ಕೀ ಪೂರ್ತಿ ಮೇಲೆ ಬರೋ ಮೊದಲೇ ಅದೇ ನೋಟನ್ನ ಮತ್ತೆ ಹೊಡೆಯೋದು ಸಾಧ್ಯವಾಯ್ತು. 1825ರಲ್ಲಿ ಬ್ಯಾಬ್‌ಕಾಕ್ ಅನ್ನೋರು ಒಂದೇ ತುಂಡಿನ ಕಬ್ಬಿಣದ ಫ್ರೇಮ್‌ಗೆ ಪೇಟೆಂಟ್ ತಗೊಂಡ್ರು, ತಂತಿಗಳನ್ನ ಇನ್ನೂ ಬಿಗಿಯಾಗಿ ಎಳೆಯೋಕೆ ದಾರಿ ಆಯ್ತು. ಶತಮಾನ ಮುಗಿಯೋ ಹೊತ್ತಿಗೆ 88 ಕೀ. ಕೆಳಗೆ ದಪ್ಪ ಬೇಸ್ ಇದೆ, ಪೆಡಲ್ ಒತ್ತಿದ್ರೆ ಅದು ಸೆಕೆಂಡುಗಟ್ಟಲೆ ನಿಲ್ಲುತ್ತೆ ಅಂದ್ಮೇಲೆ ಎಡಗೈ ಒಂದೇ ಕಡೆ ಯಾಕೆ ಕೂರಬೇಕು? ಹೊರಡ್ತು.

ಮೊದಲ ಟೆಕ್ಸ್ಚರ್, ಅಂದ್ರೆ ನೋಟ್‌ಗಳನ್ನ ಹೆಣೆಯೋ ಬಗೆ, ಇಲ್ಲಿಂದಲೇ. ಎಡಗೈಯಲ್ಲಿ ಸಿ ಮೇಜರನ್ನ ಸಿ-ಇ-ಜಿ ಅಂತ ಒತ್ತೊತ್ತಾಗಿ ಹಿಡಿಯೋ ಬದಲು ಸಿ2, ಜಿ2, ಇ3, ಜಿ3, ಇ3, ಜಿ2 ಅಂತ ಆರು ನೋಟ್ ನುಡಿಸಿ (ಅಂಕಿ ಯಾವ ಆಕ್ಟೇವ್ ಅಂತ ಹೇಳುತ್ತೆ, ನಡುವಿನ ಸಿ ಅನ್ನ ಸಿ4 ಅಂತ ಲೆಕ್ಕ ಹಿಡಿದಿದ್ದೀನಿ). ಕಿರುಬೆರಳು ಸಿ ಮೇಲೆ, ತೋರುಬೆರಳು ಜಿ ಮೇಲೆ, ಹೆಬ್ಬೆರಳು ಇ ಮೇಲೆ, ಆಮೇಲೆ ತೋರುಬೆರಳು ಹೆಬ್ಬೆರಳನ್ನ ದಾಟಿ ಮೇಲಿನ ಜಿ ಮುಟ್ಟಿ ವಾಪಸ್ ಬರುತ್ತೆ. ಮಣಿಕಟ್ಟು ಸಡಿಲ ಇರಲಿ, ಕೈಯನ್ನ ಅಗಲಿಸಿ ಹಿಡ್ಕೊಂಡು ಕೂರಬೇಡಿ, ಬೆರಳು ಹೋದ ಕಡೆ ಕೈಯೂ ಹೋಗಲಿ. ನೋಡಿ, ಇಲ್ಲಿರೋದು ಸಿ, ಇ, ಜಿ ಅಷ್ಟೇ, ಹೊಸ ನೋಟ್ ಒಂದೂ ಇಲ್ಲ, ಆದ್ರೂ ನುಡಿಸಿದ ತಕ್ಷಣ ಕೋಣೆ ದೊಡ್ಡದಾದ ಹಾಗೆ ಕೇಳಿಸುತ್ತೆ.

ಯಾಕೆ ಹಾಗೆ ಅನ್ನೋದಕ್ಕೆ ಕಾರಣ ತಂತಿಯೊಳಗೇ ಇದೆ. ಸಿ2 ಹೊಡೆದಾಗ ಬರೋದು ಸುಮಾರು 65 ಹರ್ಟ್ಸ್‌ನ ಒಂದೇ ನಾದ ಅಲ್ಲ, ಅದರ ಜೊತೆಗೆ ಮೆಲ್ಲಗೆ ಸಿ3, ಜಿ3, ಸಿ4, ಇ4, ಜಿ4 ಎಲ್ಲವೂ ಓವರ್‌ಟೋನ್ ಆಗಿ ಕೇಳಿಸ್ತಿರುತ್ವೆ. ಗಮನಿಸಿ, ಕೆಳಗೆ ಅಂತರ ದೊಡ್ಡದು, ಮೇಲೆ ಹೋಗ್ತಾ ಹೋಗ್ತಾ ಕಿರಿದಾಗುತ್ತೆ, ಇ ಅಂತೂ ಎರಡು ಆಕ್ಟೇವ್ ದಾಟಿದ ಮೇಲೇ ಕಾಣಿಸಿಕೊಳ್ಳೋದು. ನಾವು ಕೆಳಗೆ ಅಗಲವಾಗಿ, ಮೇಲೆ ಹತ್ತಿರ ಹತ್ತಿರವಾಗಿ ನೋಟ್ ಇಟ್ರೆ ಬೇಸ್ ತಂತಿಯಲ್ಲಿ ಮೊದಲೇ ಇರೋದಕ್ಕೆ ದನಿಗೂಡಿಸಿದ ಹಾಗೆ. ಅದೇ ಸಿ2 ಪಕ್ಕದಲ್ಲೇ ಇ2 ಒತ್ತಿ ನೋಡಿ, 65 ಮತ್ತು 82 ಹರ್ಟ್ಸ್, ಎರಡೂ ಒಂದಕ್ಕೊಂದು ಉಜ್ಜಿ ಬರೀ ಗೊರಗೊರ. ಇಷ್ಟು ತಲೇಲಿ ಇಟ್ಕೊಂಡ್ರೆ ಅರ್ಧ ಕೆಲಸ ಆದ ಹಾಗೆ: ಥರ್ಡ್ ನೋಟ್ (ಸಿ ಮೇಜರ್‌ನಲ್ಲಿ ಇ) ಕೆಳಗೆ ಇಡಬೇಡಿ, ಒಂದು ಆಕ್ಟೇವ್ ಮೇಲಕ್ಕೆ ಎತ್ತಿ, ರೂಟ್‌ನಿಂದ (ಬುಡದ ನೋಟ್, ಇಲ್ಲಿ ಸಿ) ಥರ್ಡ್‌ಗೆ ಹತ್ತನೇ ನೋಟಿನ ದೂರ ಇರಲಿ.

ಉಳಿದ ಮೂರಕ್ಕೂ ಹಾಗೇ. ಎ ಮೈನರ್‌ಗೆ ಎ1, ಇ2, ಸಿ3, ಇ3, ಸಿ3, ಇ2. ಎಫ್‌ಗೆ ಎಫ್1ಕ್ಕೆ ಇಳಿಯೋ ಆಸೆ ಆಗುತ್ತೆ, ಬೇಡ, ಎಫ್2ರಿಂದಲೇ ಶುರು ಮಾಡಿ, ಎಫ್2, ಸಿ3, ಎ3, ಸಿ4. ಜಿ ಕೂಡ ಜಿ2ರಿಂದ. ಆಗ ಎ1ರ ಆಳದಿಂದ ಮೇಲೆ ಬಂದು ಕೊನೆಗೆ ಜಿ2ರಿಂದ ಸಿ2ಗೆ ಬೀಳೋದು ಒಂದು ಬೇಸ್ ಲೈನ್ ಥರಾನೇ ಕೇಳಿಸುತ್ತೆ. ಡಿ ಫ್ಲ್ಯಾಟ್ ಮೇಜರ್‌ನಲ್ಲಿರೋ ಶೋಪಾನ್‌ದು ಒಂದು ನಾಕ್ಟರ್ನ್ (ರಾತ್ರಿಯ ಭಾವದ ಪಿಯಾನೊ ಕೃತಿ) ಇದೆ, ಓಪಸ್ (ಕೃತಿಸಂಖ್ಯೆ) 27 ನಂಬರ್ 2, ಅದರ ಎಡಗೈ ಪೂರ್ತಿ ಈ ಥರದ ಅಗಲವಾದ ಅಲೆಗಳೇ, ಬಲಗೈ ಹಾಡ್ತಾ ಇರುತ್ತೆ.

ನಾಕ್ಟರ್ನ್ ಅಂದ್ರೆ ಇನ್ನೊಂದು ಬಗೆನೂ ಇದೆ. ಈ ಹೆಸರಿನಲ್ಲಿ ಪಿಯಾನೊಗೆ ಮೊದಲು ಬರೆದವರು ಐರ್ಲೆಂಡಿನ ಜಾನ್ ಫೀಲ್ಡ್ (1782-1837), ಶೋಪಾನ್ ಅವರಿಂದ ಬಹಳ ಕಲಿತ್ರು. 1832ರಲ್ಲಿ ಪ್ರಕಟವಾದ ಓಪಸ್ 9 ನಂಬರ್ 2 ಎಲ್ರೂ ಕೇಳಿರೋದೇ, 12/8 ತಾಳದಲ್ಲಿ (ಮೂರು ಮೂರರ ನಾಲ್ಕು ಗುಂಪು) ಎಡಗೈ ಕೆಳಗೆ ಒಂದು ಬೇಸ್, ಮೇಲೆ ಎರಡು ಕಾರ್ಡ್, ಮತ್ತೆ ಬೇಸ್, ಎರಡು ಕಾರ್ಡ್. ನಮ್ಮ ಸಿ ಮೇಜರ್‌ಗೆ ಸಿ2 ಹೊಡೆದು, ಇ3-ಜಿ3-ಸಿ4, ಆಮೇಲೆ ಜಿ3-ಸಿ4-ಇ4. ಎರಡನೇ ಕಾರ್ಡ್ ಮೊದಲನೇದಕ್ಕಿಂತ ಮೆತ್ತಗೆ. ಕೈ ಹಾರೋ ದೂರ ನೋಡಿ ಹೆದರಿ ಬೇಸನ್ನ ಧಬ್ ಅಂತ ಹೊಡೆಯೋರೇ ಜಾಸ್ತಿ, ಹಾಗೆ ಹೊಡೆದ್ರೆ ಮೆರವಣಿಗೆ ಬ್ಯಾಂಡ್ ಆಗುತ್ತೆ. ಬೇಸನ್ನ ಒತ್ತಿ, ಪೆಡಲ್ ಅದನ್ನ ಹಿಡ್ಕೊಳ್ತು ಅಂತ ಖಾತ್ರಿ ಆದ್ಮೇಲೆ ಕೈ ಎತ್ತಿ.

ಪೆಡಲ್ ವಿಷಯ ಇಲ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಇದು ಸರಿ ಇಲ್ದಿದ್ರೆ ಮೇಲೆ ಹೇಳಿದ್ದು ಮುಂದೆ ಹೇಳೋದು ಯಾವುದೂ ಕೆಲಸ ಮಾಡಲ್ಲ. ಕಾಲು ಇಳಿಬೇಕಾಗಿರೋದು ಕೈ ಇಳಿದಾಗ ಅಲ್ಲ. ಹೊಸ ಬೇಸ್ ಒತ್ತೋ ಕ್ಷಣಕ್ಕೆ ಕಾಲು ಮೇಲೆ ಬರಬೇಕು, ಹಳೇ ಕಾರ್ಡ್ ಅಲ್ಲಿಗೆ ಸಾಯುತ್ತೆ, ಬೆರಳು ಇನ್ನೂ ಬೇಸ್ ಕೀ ಮೇಲೆ ಇರೋವಾಗಲೇ ಕಾಲು ಮತ್ತೆ ಇಳಿಬೇಕು. ಬೇಸ್ ಬಿಟ್ಟ ಮೇಲೆ ಪೆಡಲ್ ಒತ್ತಿದ್ರೆ ಮೇಲಿನ ನೋಟ್‌ಗಳು ಮಾತ್ರ ಉಳೀತವೆ, ಬುಡವೇ ಇರಲ್ಲ, ಇಡೀ ಅಲೆ ತೆಳ್ಳಗೆ ಗಾಳಿಯಲ್ಲಿ ತೇಲಿದ ಹಾಗಾಗುತ್ತೆ. ಡಿಜಿಟಲ್ ಪಿಯಾನೊ ಇರೋರು ಒಂದು ನೋಡ್ಕೊಳ್ಳಿ, ಜೊತೆಗೆ ಬರೋ ಚೌಕದ ಸಣ್ಣ ಪೆಡಲ್‌ಗಳಲ್ಲಿ ಬಹಳಷ್ಟು ಬರೀ ಸ್ವಿಚ್, ಆನ್ ಇಲ್ಲಾ ಆಫ್, ಅರ್ಧ ಒತ್ತೋದು ಅನ್ನೋದೇ ಇರಲ್ಲ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಅಲೆ ಇಲ್ಲ, ಹಾರೋದು ಇಲ್ಲ, ಎಡಗೈ ಒಂದೇ ಜಾಗದಲ್ಲಿ ಮೂರು ನೋಟನ್ನ ಟಕ್ ಟಕ್ ಟಕ್ ಟಕ್ ಅಂತ ಒತ್ತುತ್ತಾ ಇರೋದು. ಓದಿದ್ರೆ ಇದಕ್ಕಿಂತ ಬೋರ್ ಇನ್ನೊಂದಿಲ್ಲ ಅನ್ಸುತ್ತೆ. ಆದ್ರೆ ಶೋಪಾನ್ 24 ಪ್ರಿಲ್ಯೂಡ್‌ಗಳ (ಪುಟ್ಟ ಪಿಯಾನೊ ಕೃತಿಗಳ) ಕಟ್ಟು ಓಪಸ್ 28ರಲ್ಲಿ (1839) ನಾಲ್ಕನೇದು, ಇ ಮೈನರ್‌ನಲ್ಲಿರೋದು, ಅದು ಬರೀ 25 ಬಾರ್ (ತಾಳದ ಆವರ್ತ) ಉದ್ದ, ಎಡಗೈ ಹೆಚ್ಚು ಕಮ್ಮಿ ಇಷ್ಟೇ ಮಾಡೋದು, ಮೇಲಿನ ಮೆಲೊಡಿ ಶುರುವಿನಲ್ಲಿ ಎರಡೇ ನೋಟಿನ ನಡುವೆ ಓಲಾಡ್ತಿರುತ್ತೆ, ಆದ್ರೂ ಕೇಳೋರ ಗಂಟಲು ಕಟ್ಟುತ್ತೆ. ಗುಟ್ಟು ಏನಂದ್ರೆ ಎಡಗೈಯ ಮೂರು ನೋಟ್ ಒಟ್ಟಿಗೆ ಜಾಗ ಬದಲಾಯಿಸೋದು ಕಮ್ಮಿ. ಹೆಚ್ಚಾಗಿ ಒಂದು ಸರಿಯುತ್ತೆ, ಉಳಿದೆರಡು ಅಲ್ಲೇ ಇರ್ತವೆ, ಸ್ವಲ್ಪ ಹೊತ್ತಿಗೆ ಇನ್ನೊಂದು ಸರಿಯುತ್ತೆ, ಅದೂ ಬಹುತೇಕ ಅರ್ಧ ಸ್ವರ ಮಾತ್ರ. ಹೀಗಾಗಿ ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ಯಾವಾಗ ಹೋದ್ವಿ ಅಂತಲೇ ಗೊತ್ತಾಗಲ್ಲ.

ನಮ್ಮ ನಾಲ್ಕು ಕಾರ್ಡಿಗೆ ಹಾಕೋಣ. ಎಡಗೈ ಇ3-ಜಿ3-ಸಿ4 ಮೇಲೆ ಕೂರಲಿ, ಅದೇ ನಮ್ಮ ಸಿ ಮೇಜರ್, ಇನ್ವರ್ಷನ್ (ಯಾವ ನೋಟ್ ಕೆಳಗೆ, ಯಾವುದು ಮೇಲೆ ಅನ್ನೋ ಕ್ರಮ) ಬೇರೆ ಅಷ್ಟೇ. ಒಂದು ಬಾರ್‌ಗೆ ಎಂಟು ಸಲ ಒತ್ತಬೇಕು. ಆರು ಸಲ ಹಾಗೇ ಒತ್ತಿ, ಕೊನೇ ಎರಡು ಸಲ ನಡುವಿನ ಜಿ ಅನ್ನ ಜಿ ಶಾರ್ಪ್ ಮಾಡಿ. ಮುಂದಿನ ಬಾರ್‌ನಲ್ಲಿ ಆ ಜಿ ಶಾರ್ಪ್ ಎ ಆಗುತ್ತೆ, ಇ-ಎ-ಸಿ, ಎ ಮೈನರ್ ಬಂದೇಬಿಡ್ತು, ಬದಲಾಗಿದ್ದು ಒಂದೇ ಬೆರಳು. ಮೂರನೇ ಬಾರ್‌ನಲ್ಲಿ ಕೆಳಗಿನ ಇ ಮಾತ್ರ ಎಫ್ ಆಗಲಿ, ಎಫ್-ಎ-ಸಿ, ಅದು ಎಫ್ ಮೇಜರ್. ನಾಲ್ಕು ಸಲ ಒತ್ತಿದ ಮೇಲೆ ಎ ಅನ್ನ ಎ ಫ್ಲ್ಯಾಟ್‌ಗೆ ಇಳಿಸಿ, ಎಫ್ ಮೈನರ್ ಆಯ್ತು, ಬೆಳಕು ಸ್ವಲ್ಪ ಕಮ್ಮಿ ಆದ ಹಾಗೆ. ನಾಲ್ಕನೇ ಬಾರ್‌ನಲ್ಲಿ ಎ ಫ್ಲ್ಯಾಟ್ ಇನ್ನೂ ಇಳಿದು ಜಿ, ಸಿ ಇಳಿದು ಬಿ, ಎಫ್ ಅಲ್ಲೇ ಇರಲಿ: ಎಫ್-ಜಿ-ಬಿ. ಇದು ಜಿ ಸೆವೆಂತ್, ಡಿ ಒಂದು ಕಾಣೆಯಾಗಿದೆ, ಅದನ್ನ ಬಲಗೈ ಮೆಲೊಡಿ ಕೊಡುತ್ತೆ, ಚಿಂತೆ ಬೇಡ. ಕೊನೆಗೆ ಎಫ್ ಇಗೆ ಇಳಿಯುತ್ತೆ, ಬಿ ಸಿಗೆ ಏರುತ್ತೆ, ಜಿ ಅಲ್ಲಾಡಲ್ಲ, ಹೊರಟ ಜಾಗಕ್ಕೆ ವಾಪಸ್.

ಒಂದು ಮಜಾ ಗಮನಿಸಿದ್ರಾ? ಜಿ ಶಾರ್ಪ್ ಮತ್ತು ಎ ಫ್ಲ್ಯಾಟ್ ಪಿಯಾನೊ ಮೇಲೆ ಒಂದೇ ಕಪ್ಪು ಕೀ. ಮೊದಲನೇ ಸಲ ಅದು ಮೇಲಕ್ಕೆ ಎಳೀತು, ಎರಡನೇ ಸಲ ಕೆಳಕ್ಕೆ. ಇಡೀ ನಾಲ್ಕು ಬಾರ್‌ನಲ್ಲಿ ನಾವು ಹೊಸದಾಗಿ ಸೇರಿಸಿದ ನೋಟ್ ಅದೊಂದೇ. ಸೆವೆಂತ್ ನೈನ್ತ್ ಅಂತ ಎಲ್ಲಾ ಕಾರ್ಡಿಗೂ ಮಸಾಲೆ ಹಾಕೋದಕ್ಕಿಂತ ಸರಿಯಾದ ಜಾಗದಲ್ಲಿ ಒಂದು ಕಪ್ಪು ಕೀ ಸಾಕು ಅನ್ನೋದು ನನ್ನ ವಾದ. ಮತ್ತೆ ಆ ಎಂಟು ಸಲ ಒತ್ತೋವಾಗ ಕೀಯನ್ನ ಪೂರ್ತಿ ಮೇಲೆ ಬಿಡಬೇಡಿ, ಅರ್ಧದಿಂದಲೇ ಮತ್ತೆ ಒತ್ತಿ (ಎರಾರ್ ನೆನಪಿದೆಯಲ್ಲ, ಅದೇ ಇದು, ಡಿಜಿಟಲ್ ಆದ್ರೆ ಮೂರು ಸೆನ್ಸರ್ ಇರೋ ಕೀಬೆಡ್‌ನಲ್ಲಿ ಇದು ಚೆನ್ನಾಗಿ ಆಗುತ್ತೆ), ಆಗ ಟಕ್ ಟಕ್ ಹೋಗಿ ಒಂದು ಮಿಡಿತ ಥರ ಬರುತ್ತೆ. ಸರಿದ ನೋಟನ್ನ ಕೂದಲೆಳೆಯಷ್ಟು ಜಾಸ್ತಿ ಒತ್ತಿ. ಕೂದಲೆಳೆ ಅಂದ್ರೆ ಕೂದಲೆಳೆ, ಸುತ್ತಿಗೆ ಅಲ್ಲ.

ಬಲಗೈಗೆ ಏನು ಕೊಡೋದು? ಬಾರ್‌ಗೊಂದು ಉದ್ದದ ನೋಟ್ ಇದ್ರೆ ಸಾಕು, ಆದ್ರೆ ಅದು ಕಾರ್ಡಿನ ನೋಟ್ ಮೇಲೆ ನೇರ ಬಂದು ಕೂರದೆ ಒಂದು ಮೆಟ್ಟಿಲು ಮೇಲೆ ಬಂದು ಆಮೇಲೆ ಇಳೀಬೇಕು. ಶುರುವಿನ ಸಿ ಮೇಲೆ ಮಾತ್ರ ನೇರ ಇ. ಎ ಮೈನರ್ ಮೇಲೆ ಮೊದಲು ಎಫ್, ಆಮೇಲೆ ಇ. ಎಫ್ ಮೇಲೆ ಮೊದಲು ಜಿ, ಆಮೇಲೆ ಎಫ್. ಜಿ ಮೇಲೆ ಮೊದಲು ಇ, ಆಮೇಲೆ ಡಿ. ಕೊನೆಗೆ ಸಿ. ಇದನ್ನ ಅಪೋಜಿಯಾಟುರಾ ಅಂತಾರೆ, ಒರಗೋ ನೋಟ್ ಅನ್ನಿ ಬೇಕಾದ್ರೆ. ಒರಗಿದ್ದನ್ನ ಜಾಸ್ತಿ ಒತ್ತಬೇಕು, ಇಳಿದದ್ದನ್ನ ಕಮ್ಮಿ, ಮಾತಾಡ್ತಾ ನಿಟ್ಟುಸಿರು ಬಿಟ್ಟಾಗ ಶುರು ಜೋರಾಗಿ ಕೊನೆ ಮೆತ್ತಗೆ ಇರುತ್ತಲ್ಲ, ಹಾಗೆ. ಎ ಮೈನರ್ ಮೇಲಿನ ಎಫ್ ಎಡಗೈಯ ಇ ಜೊತೆ ಸ್ವಲ್ಪ ತಿಕ್ಕಾಡುತ್ತೆ, ತಿಕ್ಕಾಡಲಿ, ಆ ನೋವಿಗೋಸ್ಕರವೇ ತಾನೇ ಇದೆಲ್ಲ.

ಮುಂದಿನದು ಮೂರು ಪದರ. ಮೇಲೆ ಮೆಲೊಡಿ, ಕೆಳಗೆ ಬೇಸ್, ನಡುವೆ ಸಣ್ಣ ಅಲೆ, ಅಂದ್ರೆ ಎರಡೇ ಕೈಯಲ್ಲಿ ಮೂರು ಜನರ ಕೆಲಸ. ಮೆಂಡೆಲ್ಸನ್ ಅವರ ಪದಗಳಿಲ್ಲದ ಹಾಡುಗಳ ಪೈಕಿ ಮೊಟ್ಟಮೊದಲನೇದು, ಶುಮಾನ್ 1838ರಲ್ಲಿ ಬರೆದ ಬಾಲ್ಯದ ದೃಶ್ಯಗಳಲ್ಲಿ ಮೊದಲನೇದು, ಎರಡೂ ಇದೇ ಕಟ್ಟಡ. ಶುಬರ್ಟ್ 1827ರ ಜಿ ಫ್ಲ್ಯಾಟ್ ಇಂಪ್ರಾಂಪ್ಟು ಅನ್ನೋ ಪಿಯಾನೊ ಕೃತಿಯಲ್ಲಿ ಮೆಲೊಡಿ ಮತ್ತು ಅಲೆ ಎರಡನ್ನೂ ಬಲಗೈ ಒಂದಕ್ಕೇ ಹೊರಿಸಿಬಿಟ್ಟಿದ್ದಾರೆ. ನಮ್ಮ ಮಟ್ಟಿಗೆ ಶುಮಾನ್ ದಾರಿ ಸುಲಭ: ಬಲಗೈ ಕಿರುಬೆರಳು ಇ5 ಹಿಡಿದಿರುತ್ತೆ, ನಡುವಿನ ಟ್ರಿಪ್ಲೆಟ್ (ಒಂದು ಎಣಿಕೆಗೆ ಮೂರು ನೋಟ್) ಅನ್ನ ಎರಡೂ ಕೈ ಹಂಚ್ಕೊಳ್ಳುತ್ವೆ, ಎಡಗೈ ಬೇಸ್ ಸಿ3 ಹೊಡೆದು ಹಾಗೇ ಜಿ3 ಕೊಟ್ರೆ ಬಲಗೈ ಹೆಬ್ಬೆರಳು ಇ4 ಮುಟ್ಟಿ ಮುಂದುವರಿಸುತ್ತೆ. ಕಷ್ಟ ಇರೋದು ಬೆರಳಿನ ಓಟದಲ್ಲಲ್ಲ. ಒಂದೇ ಕೈಯಲ್ಲಿ ಅತಿ ಬಲಹೀನ ಬೆರಳು ಜೋರಾಗಿ ಹಾಡಬೇಕು, ಅತಿ ಬಲವಾದ ಹೆಬ್ಬೆರಳು ಪಿಸುಗುಡಬೇಕು. ಇದಕ್ಕೆ ಒಂದು ಅಭ್ಯಾಸ ಇದೆ: ಕಿರುಬೆರಳ ಮೆಲೊಡಿಯನ್ನ ನಿಜವಾಗಿ ಒತ್ತಿ, ಉಳಿದ ಬೆರಳುಗಳು ತಮ್ಮ ತಮ್ಮ ಕೀಯನ್ನ ಸಮಯಕ್ಕೆ ಸರಿಯಾಗಿ ಮುಟ್ಟಬೇಕು ಅಷ್ಟೇ, ಶಬ್ದ ಬರಬಾರದು. ಆಮೇಲೆ ಒಂಚೂರು ಒಂಚೂರು ಶಬ್ದ ಬರಲಿ ಅಂತ ಬಿಡೋದು. ನಡುವಿನ ಅಲೆ ಬೇರೆಯಾಗಿ ಎದ್ದು ಕೇಳಿಸ್ತಿದೆ ಅಂದ್ರೆ ಇನ್ನೂ ಜೋರಾಯ್ತು ಅಂತಲೇ ಅರ್ಥ.

ಇದನ್ನ ಸರ್ಕಸ್ ಮಟ್ಟಕ್ಕೆ ಒಯ್ದವರು ಸಿಗಿಸ್ಮಂಡ್ ಥಾಲ್ಬರ್ಗ್ ಅನ್ನೋ ಪಿಯಾನೊ ವಾದಕರು. ಮೆಲೊಡಿಯನ್ನ ಮೇಲೆ ಇಡದೆ ಕೀಬೋರ್ಡಿನ ನಡುಮಧ್ಯಕ್ಕೆ ತಂದು ಎರಡೂ ಕೈಯ ಹೆಬ್ಬೆರಳುಗಳಿಗೆ ಹಂಚಿ, ಅದರ ಸುತ್ತ ಮೇಲೂ ಕೆಳಗೂ ಆರ್ಪೆಜಿಯೊ ಹರಡೋರು, ಕೇಳೋರಿಗೆ ಮೂರನೇ ಕೈ ಇದೆಯೇನೋ ಅನ್ನಿಸೋ ಹಾಗೆ. 1837ರ ಮಾರ್ಚ್‌ನಲ್ಲಿ ಪ್ಯಾರಿಸ್ಸಿನಲ್ಲಿ ರಾಜಕುಮಾರಿ ಬೆಲ್‌ಜೊಯೊಸೊ ಮನೆಯಲ್ಲಿ ಇವರಿಗೂ ಇನ್ನೊಬ್ಬ ಪಿಯಾನೊ ವಾದಕ, ರಚನಕಾರ ಲಿಸ್ಟ್‌ಗೂ ಎದುರಾಬದುರು ಪಿಯಾನೊ ಪೈಪೋಟಿ ನಡೆದಿತ್ತು. ಲಿಸ್ಟ್ ಆಮೇಲೆ ಬರೆದ ಲೀಬೆಸ್‌ಟ್ರಾಮ್ ಮೂರನೇದರಲ್ಲಿ (1850) ಮೆಲೊಡಿ ಶುರುವಾಗೋದು ಹೀಗೇ ನಡುವಿನಿಂದ. ನಾವು ಮಾಡೋದಾದ್ರೆ ಬೇಸ್ ಸಿ2, ಹೆಬ್ಬೆರಳಿನ ಮೆಲೊಡಿ ಇ4, ಹೆಬ್ಬೆರಳು ಹೊಡೆದು ಬಿಟ್ಟ ತಕ್ಷಣ ಬಲಗೈ ಜಿ4-ಸಿ5-ಇ5-ಜಿ5 ಅಂತ ತೆಳ್ಳಗೆ ಮೇಲೆ ಹೋಗಿ ವಾಪಸ್. ಇ4 ಪೆಡಲ್‌ನಲ್ಲಿ ನಿಂತಿರುತ್ತೆ. ಮೇಲೆ ನಾನು ಬೈದಿದ್ದೂ ಆರ್ಪೆಜಿಯೊನೇ, ಇದೂ ಆರ್ಪೆಜಿಯೊನೇ, ಆದ್ರೆ ಇಲ್ಲಿ ಅದು ಒಂದು ಹಾಡನ್ನ ಸುತ್ತಿಕೊಂಡಿದೆ, ಅಲ್ಲಿ ಸುತ್ತೋಕೆ ಏನೂ ಇರ್ಲಿಲ್ಲ.

ಅದೇ ಶತಮಾನದ ಇನ್ನೊಬ್ಬ ರಚನಕಾರ ಬ್ರಾಹ್ಮ್ಸ್ ಬಗ್ಗೆ ಎರಡೇ ಮಾತು, ಯಾಕಂದ್ರೆ ಅವರ ದಾರಿ ಬೇರೆ. ಅಲೆಗಿಂತ ದಪ್ಪ ಬಟ್ಟೆ ಇಷ್ಟ ಅವರಿಗೆ: ಮೆಲೊಡಿಗೆ ಕೆಳಗೆ ಸಿಕ್ಸ್ತ್ (ಅದರಿಂದ ಆರನೇ ನೋಟ್) ಸೇರಿಸೋದು, ಎಡಗೈ ಮೂರು ಎಣಿಸೋವಾಗ ಬಲಗೈ ಎರಡು ಎಣಿಸೋದು. 1892ರ ಓಪಸ್ 117 ಮೊದಲನೇದರಲ್ಲಿ ಮೆಲೊಡಿ ಒಳಗೆ ಇದೆ, ಮೇಲೂ ಕೆಳಗೂ ಒಂದೇ ಇ ಫ್ಲ್ಯಾಟ್ ಕಾವಲು ಕಾಯ್ತಿರುತ್ತೆ. ನಮ್ಮ ಸರಣಿಯಲ್ಲಿ ಜಿ ಅನ್ನ ಹಾಗೆ ಕಾವಲಿಗೆ ನಿಲ್ಲಿಸಿ ನೋಡಿ, ಎ ಮೈನರ್ ಮೇಲೂ ಎಫ್ ಮೇಲೂ ಅದು ಹೊರಗಿನ ನೋಟ್ ಆದ್ರೂ ಸುತ್ತ ಕಾರ್ಡ್ ಬದಲಾದಂತೆ ಅದರ ಬಣ್ಣವೇ ಬೇರೆ ಆಗ್ತಾ ಹೋಗುತ್ತೆ.

ಕಂಪ್ಯೂಟರ್‌ನಲ್ಲಿ ಪಿಯಾನೊ ರೋಲ್ (ನೋಟ್‌ಗಳನ್ನ ಪಟ್ಟಿಗಳಾಗಿ ತೋರಿಸೋ ಪರದೆ) ಮೇಲೆ ನೋಟ್ ಬಿಡಿಸೋರಿಗೂ ಇದೆಲ್ಲ ಹಾಗೇ ಅನ್ವಯಿಸುತ್ತೆ, ಎರಡು ಕಡೆ ಮಾತ್ರ ಜೋಪಾನ. ವೆಲಾಸಿಟಿ (ನೋಟ್ ಎಷ್ಟು ಜೋರಾಗಿ ಒತ್ತಿದ್ದು ಅನ್ನೋ ಅಂಕಿ) ಎಲ್ಲದಕ್ಕೂ ಒಂದೇ ಇಟ್ರೆ ಮೂರು ಪದರ ಸೇರಿ ಒಂದೇ ಗೋಡೆ ಆಗುತ್ತೆ, ಮೆಲೊಡಿ 80ರ ಆಸುಪಾಸು ಇದ್ರೆ ನಡುವಿನ ಅಲೆ 40ರ ಕೆಳಗಿರಲಿ. ಇನ್ನು ಎಲ್ಲವನ್ನೂ ಗ್ರಿಡ್‌ಗೆ ಕ್ವಾಂಟೈಸ್ ಮಾಡಿದ್ರೆ (ತಾಳದ ಗೆರೆಗಳಿಗೆ ಕರಾರುವಾಕ್ಕಾಗಿ ಕೂರಿಸಿದ್ರೆ) ಜೀವ ಹೋಗುತ್ತೆ ಅಂತ ಎಲ್ರಿಗೂ ಗೊತ್ತು, ಹಾಗಂತ ಎಲ್ಲವನ್ನೂ ಬೇಕಾಬಿಟ್ಟಿ ಅಲ್ಲಾಡಿಸೋದೂ ಪರಿಹಾರ ಅಲ್ಲ. ಶೋಪಾನ್ ಶಿಷ್ಯರು ಬರೆದಿಟ್ಟಿರೋ ಪ್ರಕಾರ ಅವರ ರುಬಾಟೊದಲ್ಲಿ (ಲಯವನ್ನ ತುಸು ಹಿಗ್ಗಿಸಿ ಕುಗ್ಗಿಸೋದು) ಎಡಗೈ ತಾಳ ಬಿಡ್ತಿರಲಿಲ್ಲ, ಹಿಂದೆ ಮುಂದೆ ಆಗ್ತಿದ್ದದ್ದು ಬಲಗೈ. ಹಾಗಾಗಿ ಬೇಸ್ ಅಲೆ ಗ್ರಿಡ್ ಹತ್ತಿರವೇ ಇರಲಿ, ಮೆಲೊಡಿಯನ್ನ ಮಾತ್ರ ಅಲ್ಲಲ್ಲಿ ತುಸು ತಡ ಮಾಡಿ, ಅದರಲ್ಲೂ ಒರಗೋ ನೋಟ್‌ಗಳನ್ನ.

ಇಷ್ಟೆಲ್ಲ ಸಿಕ್ಕಿತು ಅಂತ ಬಾರ್‌ಗೊಂದು ಟೆಕ್ಸ್ಚರ್ ಹಾಕಬೇಡಿ ದಯವಿಟ್ಟು. ಆ ಕಾಲದ ಪುಟ್ಟ ಪೀಸ್‌ಗಳನ್ನ ತೆಗೆದು ನೋಡಿದ್ರೆ ಒಂದು ಪ್ಯಾಟರ್ನ್ ಹಿಡಿದ್ರು ಅಂದ್ರೆ ಪುಟ ಪೂರ್ತಿ ಅದೇ, ಕೆಲವು ಸಲ ಇಡೀ ಪೀಸೇ ಅದು. ಪ್ಯಾಟರ್ನ್ ಹಿನ್ನೆಲೆಗೆ ಸರಿದು ಮರೆತುಹೋದಾಗಲೇ ಒಳಗೆ ಸರಿಯೋ ಒಂದು ನೋಟ್ ಕಿವಿಗೆ ಬೀಳೋದು. ನಾಲ್ಕು ಕಾರ್ಡನ್ನ ನಾಲ್ಕು ಸುತ್ತು ನುಡಿಸೋದಾದ್ರೆ ಮೊದಲೆರಡು ಸುತ್ತು ಒತ್ತುತ್ತಾ ಹೋಗೋ ಕಾರ್ಡ್, ಮೂರನೇದಕ್ಕೆ ಅಗಲವಾದ ಅಲೆ, ಅಲ್ಲೇ ಜೋರು ಏರಲಿ, ನಾಲ್ಕನೇ ಸುತ್ತಿಗೆ ಮತ್ತೆ ಮೊದಲಿನದು. ಆಮೇಲೆ ಕೊನೇ ಸಿ ಮೇಜರ್‌ಗೆ ಹೋಗೋ ಮುಂಚೆ ಪ್ಯಾಟರ್ನ್ ನಿಲ್ಲಿಸಿಬಿಡಿ. ಆ ಇ ಮೈನರ್ ಪ್ರಿಲ್ಯೂಡ್ ಮುಗಿಯೋದೂ ಹಾಗೇ, ಅಷ್ಟು ಹೊತ್ತು ಮಿಡಿದದ್ದು ನಿಂತು, ಒಂದು ಮೌನ, ಆಮೇಲೆ ಬರೀ ಮೂರು ಕಾರ್ಡ್.

ಕೊನೇದಾಗಿ, ಕೈ ಚಿಕ್ಕದು, ಸಿ2ರಿಂದ ಇ3 ಮುಟ್ಟಲ್ಲ ಅನ್ನೋರಿಗೆ: ಅಲೆಯಲ್ಲಿ ನುಡಿಸೋವಾಗ ಅದು ಮುಟ್ಟಲೇಬೇಕು ಅಂತಿಲ್ಲ, ಬೇಸ್ ಪೆಡಲ್‌ಗೆ ಸಿಕ್ಕಿದ ಮೇಲೆ ಕಿರುಬೆರಳು ಅಲ್ಲಿ ಇರಬೇಕಾದ ಅಗತ್ಯವೇ ಇಲ್ಲ, ಬಿಟ್ಟು ಕೈ ಸರಿಸಿ. ಒಟ್ಟಿಗೆ ಒತ್ತಬೇಕಾದ ಹತ್ತರ ಅಂತರ ಬಂದ್ರೆ ಕೆಳಗಿನಿಂದ ಮೇಲಕ್ಕೆ ಉರುಳಿಸಿ, ಮೇಲಿನ ನೋಟ್ ತಾಳಕ್ಕೆ ಸರಿಯಾಗಿ ಬೀಳೋ ಹಾಗೆ ಕೆಳಗಿನದನ್ನ ಸ್ವಲ್ಪ ಮೊದಲೇ ಶುರು ಮಾಡಿ, ಪೆಡಲ್ ಮಾತ್ರ ಆ ಮೊದಲ ನೋಟ್ ಜೊತೆಗೇ ಬದಲಾಗಲಿ. ಅದೂ ಆಗ್ಲಿಲ್ವಾ, ಥರ್ಡನ್ನ ಬಲಗೈ ಹೆಬ್ಬೆರಳಿಗೆ ದಾಟಿಸಿ, ಕೇಳೋರಿಗೆ ಯಾವ ಕೈ ಒತ್ತಿತು ಅಂತ ಗೊತ್ತಾಗಲ್ಲ.